ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ.: ಅರ್ಹತೆ, ಪ್ರವೇಶ ಮತ್ತು ಮಾರ್ಗದರ್ಶಕರ ಆಯ್ಕೆ

ಪಿಎಚ್‌.ಡಿ. ಮಾಡಬೇಕೆಂದುಕೊಂಡವರು ಮೊದಲು ಕೇಳುವುದು ಅಂಕಗಳ ಬಗ್ಗೆ, ಆದರೆ ಅದು ಬೇಗ ಬಗೆಹರಿಯುವ ವಿಷಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಎಂ.ಎಸ್ಸಿ.ಯಲ್ಲಿ ಕನಿಷ್ಠ ಶೇ. 55 ಅಂಕಗಳಿರಬೇಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5ರ ವಿನಾಯಿತಿಯುಂಟು. ನಾಲ್ಕು ವರ್ಷಗಳ ಪದವಿಯನ್ನು ಶೇ. 75 ಅಂಕಗಳೊಂದಿಗೆ ಮುಗಿಸಿದವರಿಗೂ ಈಗ ನೇರ ಅವಕಾಶವಿದೆ. ಮೂರು ವರ್ಷಗಳ ಬಿ.ಎಸ್ಸಿ. ಮಾತ್ರ ಆಗಿರುವವರು ಎಂ.ಎಸ್ಸಿ. ಹಂತದ ಪ್ರವೇಶ ಪರೀಕ್ಷೆಯಾದ ಜಾಮ್ ಬರೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೋ ಎಂ.ಎಸ್ಸಿ.ಯನ್ನೂ ಒಳಗೊಂಡ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಪ್ರಯತ್ನಿಸಬಹುದು.

ಸಿಎಸ್‌ಐಆರ್-ಯುಜಿಸಿ ನೆಟ್, ಅಂದರೆ ಪಿಎಚ್‌.ಡಿ. ಪ್ರವೇಶಕ್ಕೂ ಸಂಶೋಧನಾ ವೇತನಕ್ಕೂ ದಾರಿಯಾಗುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ರಾಸಾಯನಿಕ ವಿಜ್ಞಾನ ಪತ್ರಿಕೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಮೂರು ಗಂಟೆ, 200 ಅಂಕ. ‘ಎ’ ಭಾಗದ 20ರಲ್ಲಿ 15 ಪ್ರಶ್ನೆಗಳನ್ನೂ ‘ಬಿ’ ಭಾಗದ 40ರಲ್ಲಿ 35 ಪ್ರಶ್ನೆಗಳನ್ನೂ ಉತ್ತರಿಸಬೇಕು, ಇವಕ್ಕೆ ತಲಾ 2 ಅಂಕ. ‘ಸಿ’ ಭಾಗದಲ್ಲಿ 60 ಪ್ರಶ್ನೆಗಳಿದ್ದು, 25ನ್ನು ಮಾತ್ರ ಆರಿಸಿಕೊಳ್ಳಬೇಕು. ತಲಾ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಹಾಗಾಗಿ ಕ್ವಾಂಟಮ್ ರಸಾಯನಶಾಸ್ತ್ರ ಎಂದರೆ ಕೈಕಾಲು ತಣ್ಣಗಾಗುವವರೂ ಸಾವಯವ ಮತ್ತು ನಿರವಯವ ಭಾಗಗಳನ್ನು ಗಟ್ಟಿ ಮಾಡಿಕೊಂಡು ‘ಸಿ’ ಭಾಗವನ್ನು ನಿಭಾಯಿಸಬಹುದು. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉಳಿದ ಎರಡರಲ್ಲಿ ಒಂದನ್ನು ಗುರುತಿಸುವುದು ಲೆಕ್ಕದಲ್ಲಿ ಲಾಭವೇ: ಸರಾಸರಿ ಒಂದೂವರೆ ಅಂಕ ಬರುತ್ತದೆ.

ನೆಟ್ ಮೂಲಕ ಕಿರಿಯ ಸಂಶೋಧನಾ ವೇತನ (ಜೆಆರ್‌ಎಫ್) ದೊರೆತರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಸಂಶೋಧನಾ ವೇತನಕ್ಕೆ (ಎಸ್‌ಆರ್‌ಎಫ್) ಏರಿದ ಮೇಲೆ 42,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಜೆಆರ್‌ಎಫ್ ತಪ್ಪಿತೆಂದು ಬಾಗಿಲು ಮುಚ್ಚುವುದಿಲ್ಲ. 2024ರಿಂದ ನೆಟ್ ಫಲಿತಾಂಶದಲ್ಲಿ ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾದವರ ವರ್ಗವೂ ಇದೆ. ಇಲ್ಲಿ ನೆಟ್ ಅಂಕಗಳಿಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿದ್ದು, ಆ ಅಂಕಗಳು ಒಂದೇ ವರ್ಷ ಸಿಂಧುವಾಗಿರುತ್ತವೆ.

ಇಷ್ಟಾದ ಮೇಲೂ ಅನೇಕರು ಸಿಕ್ಕಿಹಾಕಿಕೊಳ್ಳುವುದು ಮಾರ್ಗದರ್ಶಕರ ಬಳಿ ಜಾಗವಿಲ್ಲ ಎಂಬಲ್ಲಿ. ನಿಯಮದಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳನ್ನು ಮಾತ್ರ ಹೊಂದಿರಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದುದರಿಂದ ಮೈಸೂರಿನ ಮಾನಸಗಂಗೋತ್ರಿಯಾಗಲಿ, ಧಾರವಾಡವಾಗಲಿ, ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟವಾಗಲಿ, ಅರ್ಜಿ ಹಾಕುವ ಮೊದಲೇ ಯಾರ ಬಳಿ ಎಷ್ಟು ಸ್ಥಾನ ಖಾಲಿಯಿದೆ ಎಂದು ವಿಭಾಗದಲ್ಲಿ ವಿಚಾರಿಸಬೇಕು. ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು.

ಪ್ರವೇಶದ ನಂತರದ ಕ್ರಮ ಎಲ್ಲ ವಿಷಯಗಳಿಗೂ ಹೆಚ್ಚುಕಡಿಮೆ ಒಂದೇ. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ, ಕನಿಷ್ಠ ಮೂರು ಮತ್ತು ಗರಿಷ್ಠ ಆರು ವರ್ಷಗಳ ಅವಧಿ. ಮಹಾಪ್ರಬಂಧವನ್ನು ವಿಶ್ವವಿದ್ಯಾಲಯದ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ನೋಡುತ್ತಾರೆ, ಬಳಿಕ ಮೌಖಿಕ ಪರೀಕ್ಷೆ. ಕೃತಿಚೌರ್ಯ ತಪಾಸಣೆಯಲ್ಲಿ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ. ಪದವಿಗೆ ಅರ್ಹವಾದ ಮಹಾಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರುತ್ತವೆ.

ಈ ಶೋಧಗಂಗಾ ಪ್ರವೇಶ ಬಯಸುವವರಿಗೂ ಬಹಳ ಉಪಯೋಗದ್ದು, ಮಾರ್ಗದರ್ಶಕರ ಕೈಗೆಟುಕುವ ಉಪಕರಣಗಳು ಯಾವುವೆಂದು ಅದರಿಂದ ತಿಳಿಯುತ್ತದೆ. ರಸಾಯನಶಾಸ್ತ್ರದಲ್ಲಿ ಸಂಶ್ಲೇಷಣೆ, ಅಂದರೆ ಸಂಯುಕ್ತಗಳ ತಯಾರಿಕೆ ಮಾಡುವವರ ದಿನದ ಹೆಚ್ಚು ಹೊತ್ತು ಸಿಲಿಕಾ ಜೆಲ್ ತುಂಬಿದ ಕಾಲಮ್‌ನ ಮುಂದೆ, ಮಿಶ್ರಣದ ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದಡಿ ಹಿಡಿದು ಚುಕ್ಕೆ ಎಷ್ಟು ಮೇಲೇರಿತೆಂದು ನೋಡುವುದರಲ್ಲಿ ಕಳೆಯುತ್ತದೆ. ಹಾಗೆ ಶುದ್ಧಗೊಳಿಸಿದ ಸಂಯುಕ್ತದ ರಚನೆ ತಿಳಿಸುವ ಎನ್‌ಎಂಆರ್ ರೋಹಿತ ಬೇರೆ ಊರಿನಿಂದ ಬರಬೇಕಾದರೆ ಮುಂದಿನ ಹಂತ ಅಷ್ಟು ದಿನ ನಿಂತಿರುತ್ತದೆ. ನೀವು ಸೇರಬಯಸುವ ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳ ಎರಡು ಮಹಾಪ್ರಬಂಧಗಳನ್ನು ತೆರೆದು ಪ್ರಾಯೋಗಿಕ ಅಧ್ಯಾಯವನ್ನೂ ಕೃತಜ್ಞತೆಯ ಪುಟವನ್ನೂ ಓದಿ. ರೋಹಿತಗಳನ್ನು ಎಲ್ಲಿ ದಾಖಲಿಸಲಾಯಿತು, ಯಾವ ಉಪಕರಣಕ್ಕಾಗಿ ಯಾರಿಗೆ ವಂದನೆ ಸಂದಿದೆ ಎಂಬುದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ.