ಛಾಪಾ ಕಾಗದ ಬರೆಸಿಕೊಂಡರೆ ಪರಿಹಾರ ಮುಗಿಯುವುದಿಲ್ಲ

"ಸೆಟ್ಲ್ ಆಗಿದೆ ಸಾರ್, ಬರೆಸ್ಕೊಂಡಿದೀವಿ." ಕೆಲಸದಲ್ಲಿ ಗಾಯವಾದ ಕೇಸು ಹಿಡಿದು ಬರುವ ಮಾಲೀಕರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಹೇಳಿ ಒಂದು ಛಾಪಾ ಕಾಗದ ಮೇಜಿನ ಮೇಲೆ ಇಡುತ್ತಾರೆ. ಅದರಲ್ಲಿ ಏನಿದೆ ಅಂತ ಓದದೇ ಹೇಳಬಲ್ಲೆ. ನನ್ನ ಸ್ವಂತ ಅಜಾಗರೂಕತೆಯಿಂದ ಗಾಯವಾಗಿದ್ದು, ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಈ ಹಣ ಪಡೆದಿದ್ದು, ಮುಂದೆ ಯಾವುದೇ ತಂಟೆ ತಕರಾರು ಮಾಡುವುದಿಲ್ಲ.

ಆ ಕಾಗದ ನಿಮ್ಮನ್ನು ಉಳಿಸುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮಾಲೀಕರು ನಂಬುವುದಿಲ್ಲ. ಕಾರ್ಮಿಕರಂತೂ ಸಹಿ ಹಾಕಿಬಿಟ್ಟೆ, ಇನ್ನೇನು ಕೇಳೋದು ಅಂತ ಸುಮ್ನೆ ಕೂತುಬಿಡುತ್ತಾರೆ. ನನಗೆ ಜಾಸ್ತಿ ಸಂಕಟವಾಗುವುದು ಇವರನ್ನು ನೋಡಿ.

ಮೊದಲು ಎರಡು ಎಚ್ಚರಿಕೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರ ದಾರಿ ಬೇರೆ, ಅವರು ಅಲ್ಲಿಗೇ ಹೋಗಬೇಕು. ಇನ್ನೊಂದು, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನೌಕರರ ಪರಿಹಾರದ ವಿಷಯ ಈಗ ಅದರ 7ನೇ ಅಧ್ಯಾಯದಲ್ಲಿದೆ. ನಾನಿಲ್ಲಿ ಹೇಳುವ ಕಲಂಗಳು 1923ರ ನೌಕರರ ಪರಿಹಾರ ಕಾಯ್ದೆಯವು, ಯಾಕೆಂದರೆ ನನ್ನ ಕೈಯಲ್ಲಿರುವ ಕೇಸುಗಳು ಸಂಹಿತೆ ಬರುವುದಕ್ಕೂ ಹಿಂದಿನ ಅಪಘಾತಗಳವು. ನಿಮ್ಮದು ಯಾವುದಕ್ಕೆ ಬರುತ್ತದೆ ಅಂತ ತಾರೀಕು ತೋರಿಸಿ ನಿಮ್ಮ ವಕೀಲರನ್ನು ಕೇಳಿ.

ಈಗ ವಿಷಯಕ್ಕೆ ಬರೋಣ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂಬ ಕರಾರು ಅನೂರ್ಜಿತ ಅಂತ 17ನೇ ಕಲಂ ನೇರವಾಗಿಯೇ ಹೇಳುತ್ತದೆ. ನೋಟರಿ ಮಾಡಿಸಿದರೂ ಅಷ್ಟೆ, ಊರ ಹಿರಿಯರು ಸಾಕ್ಷಿ ಹಾಕಿದರೂ ಅಷ್ಟೆ. ರಾಜಿಯೇ ಆಗಬಾರದು ಅಂತಲ್ಲ. ಆಗಬಹುದು. ಆದರೆ ಒಪ್ಪಂದವನ್ನು 28ನೇ ಕಲಂ ಪ್ರಕಾರ ಕಮಿಷನರಿಗೆ (ಈ ಪರಿಹಾರದ ಕೇಸುಗಳನ್ನು ತೀರ್ಮಾನಿಸುವ ಅಧಿಕಾರಿ) ಕಳಿಸಿ ನೋಂದಾಯಿಸಬೇಕು. ಮೊತ್ತ ಕಡಿಮೆ ಅನ್ನಿಸಿದರೆ, ಮೋಸವೋ ಒತ್ತಡವೋ ಕಂಡರೆ, ಅವರು ನೋಂದಾಯಿಸುವುದಿಲ್ಲ. ಮಾಲೀಕರು ಅಲ್ಲಿಗೆ ಹೋಗದೆ ಇರುವುದಕ್ಕೆ ಕಾರಣವೂ ಇದೇ, ಅಲ್ವಾ? ಕಳಿಸದೇ ಹೋದರೆ ಏನು ಎಂಬುದನ್ನು 29ನೇ ಕಲಂ ಹೇಳುತ್ತದೆ. ಪೂರ್ತಿ ಪರಿಹಾರ ಕೊಡಬೇಕು. ಈಗಾಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವ ಹಾಗಿಲ್ಲ, ಕಮಿಷನರ್ ಬೇರೆ ಆದೇಶ ಮಾಡಿದರೆ ಆ ಮಾತು ಬೇರೆ.

ಸಾವಿನ ಪ್ರಕರಣದಲ್ಲಿ ಇನ್ನೂ ಬಿಗಿ. ತಿಥಿಯ ದಿನ ಮನೆಗೆ ಹೋಗಿ ಹೆಂಡತಿಯ ಕೈಗೆ 2 ಲಕ್ಷ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಾರೆ. 8ನೇ ಕಲಂ ಪ್ರಕಾರ ಸಾವಿನ ಪರಿಹಾರವನ್ನು ಕಮಿಷನರ್ ಬಳಿ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ. ಮೂರು ತಿಂಗಳ ಸಂಬಳದಷ್ಟು ಮುಂಗಡಕ್ಕೆ ಮಾತ್ರ ಅವಕಾಶ ಇದೆ. ಯಾಕೆ ಹೀಗೆ ಅಂತ ಕೇಳುತ್ತಾರೆ. ಆ ಹಣದಲ್ಲಿ ಹೆಂಡತಿಗೆ, ಚಿಕ್ಕ ಮಕ್ಕಳಿಗೆ, ಅವಲಂಬಿತ ತಂದೆ ತಾಯಿಗೆ ಎಲ್ಲರಿಗೂ ಪಾಲು ಇರಬಹುದು. ಗಂಡನ ಅಣ್ಣನೋ ಊರಿನ ಮುಖಂಡನೋ ಮಧ್ಯೆ ನಿಂತು ಹಣ ತೆಗೆದುಕೊಂಡು ಹೋದದ್ದನ್ನು ನಾನು ಕಂಡಿದ್ದೇನೆ.

ಲೆಕ್ಕ ನೋಡಿ. 30 ವರ್ಷದ ಕೆಲಸಗಾರ, ಸಂಬಳ 18,000. ಕಾಯ್ದೆಯ ಲೆಕ್ಕಕ್ಕೆ ಹಿಡಿಯುವುದು 2020ರ ಜನವರಿಯಿಂದ ಗರಿಷ್ಠ 15,000. ಸಾವಾದರೆ ಅದರ ಅರ್ಧ 7,500, ಅದನ್ನು ಕಾಯ್ದೆಯ ಪಟ್ಟಿಯಲ್ಲಿ ಆ ವಯಸ್ಸಿಗೆ ಕೊಟ್ಟಿರುವ ಅಂಶ 207.98ರಿಂದ ಗುಣಿಸಬೇಕು. 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲ ಅನ್ನಿಸಿದರೆ ಅಸಲಿನ ಅರ್ಧದವರೆಗೆ ದಂಡ. ನಾಲ್ಕು ವರ್ಷ ಎಳೆದ ಕೇಸಿನಲ್ಲಿ ಬಡ್ಡಿಯೇ ಏಳು ಲಕ್ಷ ದಾಟುತ್ತದೆ. 2 ಲಕ್ಷಕ್ಕೆ ಮುಗಿಯಿತು ಅಂದುಕೊಂಡವರು ಈ ಮೊತ್ತ ಕೇಳಿ ಬೆವರುತ್ತಾರೆ.

ಪೀಣ್ಯದ ಒಂದು ಪವರ್ ಪ್ರೆಸ್ (ಲೋಹದ ತಗಡು ಒತ್ತುವ ಯಂತ್ರ) ಶೆಡ್ಡು. ಆರೇಳು ಜನ ಕೆಲಸಗಾರರು. 25 ವರ್ಷದ ಹುಡುಗ, ಉತ್ತರ ಕರ್ನಾಟಕದವನು, ಬಲಗೈಯ ಎರಡು ಬೆರಳು ಕಳೆದುಕೊಂಡ. ಅವನು ತಂದ ಕಾಗದದಲ್ಲಿ ಇದ್ದದ್ದು ಎಡಗೈ ಹೆಬ್ಬೆಟ್ಟು. ಸಹಿ ಮಾಡಲು ಬರುವವನು ಯಾಕೆ ಹೆಬ್ಬೆಟ್ಟು ಒತ್ತಿದೆ ಅಂತ ಕೇಳಿದೆ. ಬಲಗೈ ಪೂರ್ತಿ ಬ್ಯಾಂಡೇಜಿನಲ್ಲಿತ್ತು ಸಾರ್ ಅಂದ. ತಾರೀಕು ನೋಡಿದರೆ ಆಪರೇಷನ್ ಆಗಿ ಇನ್ನೂ ವಾರವೂ ಆಗಿರಲಿಲ್ಲ. ಮಾಲೀಕ ಕೊಟ್ಟದ್ದು 40,000. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಶೇ. 20 ದುಡಿಮೆ ನಷ್ಟ. ಅವನ ವಯಸ್ಸಿಗೆ, 15,000 ಸಂಬಳಕ್ಕೆ, 3,90,438 ರೂಪಾಯಿ ಆಗುತ್ತದೆ.

ಆ ಮಾಲೀಕ ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಹುಡುಗನ ಪಕ್ಕದಲ್ಲೇ ಕೂತಿದ್ದ. 90,000 ಬಿಲ್ಲು ಕಟ್ಟಿದ್ದ. "ಅಷ್ಟೆಲ್ಲ ಖರ್ಚು ಮಾಡಿದೀನಲ್ಲ ಸಾರ್, ಅದು ಲೆಕ್ಕಕ್ಕಿಲ್ವಾ?" ಅಂತ ನಿಜವಾಗಿಯೂ ನೊಂದು ಕೇಳಿದ. ಇಲ್ಲ. ಚಿಕಿತ್ಸೆಯ ಖರ್ಚು ಬೇರೆ, ಪರಿಹಾರ ಬೇರೆ. ಆಸ್ಪತ್ರೆ ಬಿಲ್ಲನ್ನು ಪರಿಹಾರದಲ್ಲಿ ಕಳೆಯಲು ಬರುವುದಿಲ್ಲ.

ಇನ್ನು "ತಪ್ಪು ಅವನದೇ" ಎಂಬ ಮಾತು. ಕಾರ್ಮಿಕನ ಅಜಾಗರೂಕತೆ ಇಲ್ಲಿ ಮಾಲೀಕನಿಗೆ ರಕ್ಷಣೆ ಅಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷತಾ ನಿಯಮ ಮೀರಿದ, ಬೇಕೆಂದೇ ಯಂತ್ರದ ಗಾರ್ಡ್ (ಕೈ ಸಿಗದಂತೆ ತಡೆಯುವ ರಕ್ಷಣೆ) ತೆಗೆದ, ಇಷ್ಟು ವಾದಗಳಿಗೆ ಮಾತ್ರ ಜಾಗ ಇದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದರೆ ಅವೂ ನಡೆಯುವುದಿಲ್ಲ. ಪ್ರೆಸ್ ಶೆಡ್ಡುಗಳಲ್ಲಿ ಗಾರ್ಡ್ ತೆಗೆಸುವವರು ಯಾರು ಅಂತ ನಮಗೆಲ್ಲ ಗೊತ್ತು. ಗಾರ್ಡ್ ಇದ್ದರೆ ಪೀಸು ಕಡಿಮೆ ಬರುತ್ತದೆ ಅಂತ ಸೂಪರ್‌ವೈಸರೇ ಬಿಚ್ಚಿಸಿರುತ್ತಾನೆ.

ನನಗೆ ತಾಳ್ಮೆ ತಪ್ಪುವುದು ಎಲ್ಲಿ ಗೊತ್ತಾ? ಪಾಲಿಸಿ ಇಟ್ಟುಕೊಂಡೂ ಹೀಗೆ ಮಾಡುವವರನ್ನು ಕಂಡಾಗ. ಪ್ರತಿ ವರ್ಷ ಪ್ರೀಮಿಯಂ ಕಟ್ಟಿರುತ್ತಾರೆ. ಅಪಘಾತವಾದಾಗ ವಿಮಾ ಕಂಪನಿಗೆ ಒಂದು ಪತ್ರ ಬರೆಯುವುದಿಲ್ಲ. ಪೊಲೀಸು, ಇನ್‌ಸ್ಪೆಕ್ಟರು ಬರುತ್ತಾರೆ ಅಂತ ಹೆದರಿ ನಗದು ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ಎರಡು ವರ್ಷದ ಮೇಲೆ ನೋಟಿಸು ಬಂದಾಗ, ತಮಗೆ ತಿಳಿಸಲೇ ಇಲ್ಲ ಅಂತ ವಿಮೆಯವರು ತಗಾದೆ ತೆಗೆಯುತ್ತಾರೆ. ದಂಡವನ್ನಂತೂ ಸಾಮಾನ್ಯವಾಗಿ ಮಾಲೀಕರೇ ಕೈಯಿಂದ ಕಟ್ಟಬೇಕು. ಮಾಲೀಕರೇ, ಅಪಘಾತವಾದ ದಿನವೇ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಸಾವು ಅಥವಾ ತೀವ್ರ ಗಾಯವಾದರೆ ಏಳು ದಿನದೊಳಗೆ ಕಮಿಷನರಿಗೆ ವರದಿ ಕಳಿಸಿ. ತಕರಾರು ಇದ್ದರೂ, ನೀವು ಒಪ್ಪುವಷ್ಟು ಹಣವನ್ನು ಮೊದಲು ಕಟ್ಟಿ.

ಕಾರ್ಮಿಕರಿಗೂ ಅವರ ಮನೆಯವರಿಗೂ ಹೇಳುವುದಿಷ್ಟು. ಸಹಿ ಹಾಕಿದ್ದೀರಾ? ಪರವಾಗಿಲ್ಲ, ಆ ಕಾಗದವನ್ನೇ ತೆಗೆದುಕೊಂಡು ಬನ್ನಿ. ಕೆಲಸ ಅಲ್ಲೇ ಮಾಡುತ್ತಿದ್ದಿರಿ, ಗಾಯ ಅಲ್ಲೇ ಆಯಿತು ಅನ್ನುವುದಕ್ಕೆ ಎಷ್ಟೋ ಸಲ ಅದೇ ಒಳ್ಳೆಯ ಸಾಕ್ಷಿ ಆಗುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರಿಗೆ ನಿಜ ಹೇಳಿ. ಮಾಲೀಕರ ಕಡೆಯವರು "ಮನೆಯಲ್ಲಿ ಬಿದ್ದ" ಅಂತ ಬರೆಸಿರುತ್ತಾರೆ. ಡಿಸ್ಚಾರ್ಜ್ ಆಗುವ ಮೊದಲೇ ಆ ಸಾಲನ್ನು ಯಾರಿಂದಾದರೂ ಓದಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಅರ್ಜಿ ಹಾಕಲು ಎರಡು ವರ್ಷ ಸಮಯ ಇದೆ. ದಾಟಿದ್ದರೆ ಸರಿಯಾದ ಕಾರಣ ಕೊಟ್ಟು ಕೇಳಬಹುದು. "ಬರೆದುಕೊಟ್ಟಿದ್ದೆ, ಹಕ್ಕು ಹೋಯಿತು ಅಂದುಕೊಂಡಿದ್ದೆ" ಎಂಬ ಕಾರಣವನ್ನು ಒಪ್ಪುತ್ತಾರೋ ಬಿಡುತ್ತಾರೋ ನಾನು ಭರವಸೆ ಕೊಡಲಾರೆ. ಅದಕ್ಕೇ ಎರಡು ವರ್ಷದೊಳಗೇ ಬನ್ನಿ.