ಓದಿದೆ ಸರ್, ತಲೆಗೆ ಹೋಗ್ಲಿಲ್ಲ

'ಗುಮ್ಮಣಿಗಳು ತೊಳಪಿನಲ್ಲಿ ಜೋರಾಗಿ ಬಿರಕಿದವು.' ಈ ಸಾಲಿನ ಮೇಲೆ ಎರಡು ಪ್ರಶ್ನೆ. ಗುಮ್ಮಣಿಗಳು ಎಲ್ಲಿ ಬಿರಕಿದವು? ತೊಳಪಿನಲ್ಲಿ. ಹೇಗೆ ಬಿರಕಿದವು? ಜೋರಾಗಿ. ಎರಡಕ್ಕೆ ಎರಡು ಮಾರ್ಕ್ಸ್ ಬಂತು. ಗುಮ್ಮಣಿ ಪ್ರಾಣಿಯೋ ತರಕಾರಿಯೋ ಯಾರಿಗೂ ಗೊತ್ತಿಲ್ಲ. ನಾನೇ ಸುಮ್ನೆ ಕಟ್ಟಿದ ಪದಗಳವು.

ಇಂಗ್ಲಿಷ್ ಪೇಪರಿನ ಕಾಂಪ್ರಹೆನ್ಷನ್ ಪ್ಯಾಸೇಜನ್ನು ಡಿಗ್ರಿ ಮಕ್ಕಳು ಬಹಳ ಸಲ ಹೀಗೇ ದಾಟಿಬಿಡುತ್ತಾರೆ. ಪ್ರಶ್ನೆಯಲ್ಲಿರುವ ದೊಡ್ಡ ಪದ ನೋಡಿಕೊಳ್ಳುವುದು, ಪ್ಯಾಸೇಜಿನಲ್ಲಿ ಅದೇ ಪದ ಇರುವ ಸಾಲು ಹುಡುಕುವುದು, ಒಂದು ಫುಲ್‌ಸ್ಟಾಪಿನಿಂದ ಇನ್ನೊಂದು ಫುಲ್‌ಸ್ಟಾಪಿನವರೆಗೆ ಇಳಿಸುವುದು. ಪಾಸಾಗಲು ಇದು ಸಾಕು. ಆದರೆ ಅದೇ ಹುಡುಗ ಕಾಸ್ಟ್ ಅಕೌಂಟಿಂಗ್ ಪುಸ್ತಕ ತೆರೆದಾಗ ಈ ಉಪಾಯ ಕೈಕೊಡುತ್ತದೆ. ಅಲ್ಲಿ ಪ್ರಶ್ನೆ ಕೇಳುವವರು ಯಾರೂ ಇಲ್ಲ, ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ.ಗೆ ಇಂಗ್ಲಿಷ್ ಪಾಠ ಮಾಡುವ ನನ್ನಂಥವರು ದಿನಾ ಕೇಳುವ ಮಾತು ಒಂದೇ: 'ಸರ್, ಓದಿದೆ, ತಲೆಗೆ ಹೋಗ್ಲಿಲ್ಲ.' ಈ ಮಾತನ್ನು ಸೋಮಾರಿತನದ ನೆಪ ಅಂತ ತಳ್ಳಿಹಾಕುವವರೂ ಇದ್ದಾರೆ. ಓದು ಹೇಗೆ ನಡೆಯುತ್ತದೆ ಎಂದು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು ಹಾಗೆ ತಳ್ಳಿಹಾಕಲಿಲ್ಲ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಒಂದು ಸರಳ ಲೆಕ್ಕ ಮುಂದಿಟ್ಟರು. ಅಕ್ಷರ ನೋಡಿ ಪದ ಗುರುತಿಸುವ ಶಕ್ತಿ ಒಂದು, ಆ ಭಾಷೆಯನ್ನು ಕೇಳಿದರೆ ಅರ್ಥವಾಗುವ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಿದರೆ ಬರುವುದು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಗಮನಿಸಿ, ಕೂಡುವುದಲ್ಲ, ಗುಣಿಸುವುದು. ಮೊದಲನೆಯದು 0.9 ಇದ್ದು ಎರಡನೆಯದು 0.3 ಇದ್ದರೆ ಸಿಗುವುದು 0.27. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಗಟ್ಟಿಯಾಗಿ ತಪ್ಪಿಲ್ಲದೆ ಓದುವ ಹುಡುಗಿಗೂ ಏನೂ ಅರ್ಥವಾಗದೇ ಇರುವುದು ಯಾಕೆ ಅನ್ನುವುದಕ್ಕೆ ಈ ಲೆಕ್ಕ ಉತ್ತರ ಕೊಡುತ್ತದೆ. ಪರೀಕ್ಷಿಸುವುದೂ ಸುಲಭ. ಪ್ಯಾಸೇಜನ್ನು ನಾವೇ ನಿಧಾನವಾಗಿ ಓದಿ ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲವೇ? ಹಾಗಾದರೆ ಅವಳಿಗೆ ಇನ್ನಷ್ಟು ಗಟ್ಟಿಯಾಗಿ ಓದಿಸಿ ಪ್ರಯೋಜನವಿಲ್ಲ.

ಹಾಗಾದರೆ ಅರ್ಥ ಆಗುವುದು ಅಂದರೇನು? ವಾಲ್ಟರ್ ಕಿಂಚ್ ಎಂಬ ಮನಶ್ಶಾಸ್ತ್ರಜ್ಞ ಈ ಪ್ರಶ್ನೆಗೇ ದಶಕಗಳನ್ನು ಕೊಟ್ಟವರು. ಓದುಗ ಬರೀ ಪದಗಳನ್ನಷ್ಟೇ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಪದಗಳು ಹೇಳುತ್ತಿರುವ ಸನ್ನಿವೇಶವನ್ನು ತಲೆಯೊಳಗೆ ಕಟ್ಟಿಕೊಳ್ಳುತ್ತಾನೆ ಎಂದು ಅವರು ವಿವರಿಸಿದರು. ಯಾರು, ಎಲ್ಲಿ, ಯಾಕೆ, ಮುಂದೇನು, ಎಲ್ಲ ಸೇರಿದ ಒಂದು ಚಿತ್ರ. ಪಠ್ಯದಲ್ಲಿ ಇಲ್ಲದ ಎಷ್ಟೋ ವಿಷಯವನ್ನು ಓದುಗ ತನ್ನ ಕಡೆಯಿಂದ ಹಾಕಿ ಆ ಚಿತ್ರ ಪೂರ್ತಿ ಮಾಡುತ್ತಾನೆ. ಗುಮ್ಮಣಿಯ ಸಾಲಿನಲ್ಲಿ ಆಗದೇ ಹೋದದ್ದು ಇದೇ.

ತರಗತಿಯಲ್ಲಿ ನಾನು ಆಗಾಗ ಬಳಸುವುದು ಕಾವೇರಿ ನೀರಿನ ಬಗ್ಗೆ ಒಂದು ಪುಟ್ಟ ಇಂಗ್ಲಿಷ್ ಪಠ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನದಿ ಬಹಳ ಕೆಳಗಿದೆ. ಹೆಚ್ಚುಕಡಿಮೆ 100 ಕಿಲೋಮೀಟರ್ ದೂರದಿಂದ ಬರುವ ನೀರನ್ನು ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆ ಹತ್ತಿಸುತ್ತಾರೆ. 'ಎಷ್ಟು ಕಡೆ ಪಂಪ್ ಮಾಡುತ್ತಾರೆ?' ಅಂದರೆ ಇಡೀ ಕ್ಲಾಸ್ ಮೂರು ಅನ್ನುತ್ತದೆ. 'ಹಾರೋಹಳ್ಳಿಯಲ್ಲಿ ಒಂದು ದಿನ ಕರೆಂಟ್ ಹೋದರೆ ತಾತಗುಣಿಯಲ್ಲಿ ಏನಾಗುತ್ತೆ?' ಅಂದರೆ ಮೌನ. ಪಠ್ಯದಲ್ಲಿ ಆ ಸಾಲಿಲ್ಲ. ತಲೆಯಲ್ಲಿ ಪೈಪು, ಏರು, ಪಂಪು ಎಲ್ಲ ಮೂಡಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಕೊನೆಗೆ ಹಿಂದಿನ ಬೆಂಚಿನಿಂದ 'ಅಲ್ಲೂ ನೀರು ಬರಲ್ಲ ಸರ್, ನಮ್ಮ ಏರಿಯಾಗೆ ಟ್ಯಾಂಕರ್' ಅಂತ ಒಬ್ಬ ಹೇಳುತ್ತಾನೆ. ಅವನಿಗೆ ಅರ್ಥ ಆಗಿದೆ.

ಅದೇ ಪಠ್ಯದಲ್ಲಿ ಒಂದು ವಾಕ್ಯವಿದೆ: 'ದಿ ವಾಟರ್ ವಿಚ್ ದಿ ಪಂಪ್ಸ್ ಲಿಫ್ಟ್ ಕಮ್ಸ್ ಫ್ರಮ್ ದಿ ಕಾವೇರಿ.' ಒಂದೂ ಕಷ್ಟದ ಪದವಿಲ್ಲ, ಆದರೂ ಅರ್ಧ ಕ್ಲಾಸ್ ಇಲ್ಲಿ ಮುಗ್ಗರಿಸುತ್ತದೆ. 'ಪಂಪ್ ಲಿಫ್ಟ್ ಬರುತ್ತೆ' ಅಂತ ಒಬ್ಬಳು ಬಿಡಿಸಿದಳು. ಅಪಾರ್ಟ್‌ಮೆಂಟಿನ ಲಿಫ್ಟ್ ಅವಳ ಕಣ್ಣಮುಂದೆ ಬಂದಿತ್ತು! ನಗಬೇಡಿ, ಅವಳ ಮೆದುಳು ಕನ್ನಡದ ದಾರಿಯಲ್ಲೇ ಸರಿಯಾಗಿ ನಡೆದಿದೆ. 'ಪಂಪು ಎತ್ತುವ ನೀರು' ಅಂತ ನಾವು ವಿವರವನ್ನೆಲ್ಲ ಮೊದಲು ಹೇಳಿ ಆಮೇಲೆ ನೀರು ಅನ್ನುತ್ತೇವೆ. ಇಂಗ್ಲಿಷಿನಲ್ಲಿ ನೀರು ಮೊದಲು ಬರುತ್ತದೆ, ಅದರ ವಿವರ ಬಾಲದ ಹಾಗೆ ಆಮೇಲೆ. ಬಾಲದೊಳಗೊಂದು ಕ್ರಿಯಾಪದ, ಅದು ಮುಗಿದ ಮೇಲೆ ನೀರಿನ ಕ್ರಿಯಾಪದ. ಅಲ್ಲಿಯವರೆಗೆ ನೀರನ್ನು ನೆನಪಿನಲ್ಲಿ ಹಿಡಿದುಕೊಂಡೇ ಇರಬೇಕು. ಆ ಕ್ಷಣದ ನೆನಪಿನಲ್ಲಿ ನಾವು ಹಿಡಿದಿಡಬಲ್ಲದ್ದು ಸುಮಾರು ನಾಲ್ಕೇ ತುಣುಕು ಎಂದು ನೆಲ್ಸನ್ ಕೊವಾನ್ 2001ರಲ್ಲಿ ವಾದಿಸಿದರು. ಒಂದೊಂದೇ ಪದ ಬಿಡಿಸುತ್ತ ಹೋಗುವವರಿಗೆ ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಆರಂಭ ಜಾರಿಹೋಗಿರುತ್ತದೆ. ಇಂಥ ವಾಕ್ಯವನ್ನು ಬೋರ್ಡ್ ಮೇಲೆ ಬರೆದು 'ಬರುವುದು ಯಾವುದು? ಎತ್ತುವುದು ಯಾವುದು?' ಅಂತ ಕೇಳಿ ಎರಡು ಬಣ್ಣದಲ್ಲಿ ಗೆರೆ ಎಳೆದರೆ ಐದು ನಿಮಿಷದ ಕೆಲಸ. ಗ್ರಾಮರ್ ಅಂತ ಹೆಸರಿಟ್ಟು ಒಂದು ಗಂಟೆ ಪಾಠ ಮಾಡುವುದಕ್ಕಿಂತ ಇದು ವಾಸಿ ಅಂತ ನನ್ನ ಲೆಕ್ಕ.

ಪದಗಳ ವಿಷಯಕ್ಕೆ ಬರೋಣ. ಯಾರ ಸಹಾಯವೂ ಇಲ್ಲದೆ ಒಂದು ಪಠ್ಯ ಅರ್ಥವಾಗಬೇಕಾದರೆ ಅದರ ಪದಗಳಲ್ಲಿ ಶೇ. 98ರಷ್ಟು ಗೊತ್ತಿರಬೇಕಾಗುತ್ತದೆ ಎಂದು 2000ದಲ್ಲಿ ಪಾಲ್ ನೇಷನ್ ಮತ್ತು ಅವರ ಸಹೋದ್ಯೋಗಿ ನಡೆಸಿದ ಪ್ರಯೋಗ ಹೇಳಿತು. ಅಂದರೆ 300 ಪದದ ಪುಟದಲ್ಲಿ ಗೊತ್ತಿಲ್ಲದ್ದು ಆರು ಪದ ಮೀರಬಾರದು. ನಮ್ಮ ಪಠ್ಯಪುಸ್ತಕ ತೆರೆದು ಒಂದು ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಲು ಮಕ್ಕಳಿಗೆ ಹೇಳಿ ನೋಡಿ, ಪುಟ ತುಂಬಾ ಗೆರೆ. ಆ ಪುಟವನ್ನು ಮನೆಯಲ್ಲಿ ಓದಿಕೊಂಡು ಬನ್ನಿ ಅನ್ನುವುದು ಅನ್ಯಾಯ. ಯಾವ ಪದ ಮೊದಲು ಕಲಿಸಬೇಕು ಅನ್ನುವುದಕ್ಕೂ ಉತ್ತರವಿದೆ. ಅದೇ 2000ದಲ್ಲಿ ಆ್ಯವರಿಲ್ ಕಾಕ್ಸ್‌ಹೆಡ್ ಕಾಲೇಜು ಮಟ್ಟದ ಬರಹಗಳನ್ನು ಜಾಲಾಡಿ 570 ಪದಕುಟುಂಬಗಳ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳ, ಪಟ್ಟಿ ಮಾಡಿದರು. ಅಸ್ಯೂಮ್, ಡಿರೈವ್, ಕನ್ಸಿಸ್ಟ್, ಇಂಡಿಕೇಟ್ ಇಂಥವು. ಯಾವ ವಿಷಯದ ಪುಸ್ತಕ ತೆಗೆದರೂ ಸುಮಾರು ಶೇ. 10ರಷ್ಟು ಪದ ಈ ಪಟ್ಟಿಯವೇ. ನಾವೋ, ಪದ್ಯದಲ್ಲಿ ಒಂದೇ ಸಲ ಬಂದು ಮತ್ತೆಂದೂ ಕಣ್ಣಿಗೆ ಬೀಳದ ಪದಕ್ಕೆ ಅರ್ಥ ಬರೆಸುತ್ತ ಕೂತಿರುತ್ತೇವೆ.

ಎಲ್ಲ ಪದ ಗೊತ್ತಿದ್ದರೂ ವಿಷಯ ಗೊತ್ತಿಲ್ಲದಿದ್ದರೆ ಕಷ್ಟವೇ. 1988ರಲ್ಲಿ ಅಮೆರಿಕದಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರನ್ನು ಹಿಂದೆ ಹಾಕಿದರು. ನಮ್ಮಲ್ಲಿ ಇದನ್ನು ನೋಡಲು ಪ್ರಯೋಗವೇ ಬೇಡ. ಚಿನ್ನಸ್ವಾಮಿ ಸ್ಟೇಡಿಯಂನ ಮ್ಯಾಚ್ ರಿಪೋರ್ಟನ್ನು ಇಂಗ್ಲಿಷ್ ಪೇಪರಿನಲ್ಲಿ ಸಲೀಸಾಗಿ ಓದಿ ಅಂಪೈರ್ ಮಾಡಿದ್ದು ತಪ್ಪು ಅಂತ ಜಗಳಕ್ಕೆ ನಿಲ್ಲುವ ಹುಡುಗನೇ ಮುಂದಿನ ಪಿರಿಯಡ್‌ನಲ್ಲಿ 'ನಂಗೆ ಇಂಗ್ಲಿಷ್ ಬರಲ್ಲ ಸರ್' ಅನ್ನುತ್ತಾನೆ. ಬರುತ್ತೆ ಕಣಪ್ಪ, ಸ್ಕಾಟ್ಲೆಂಡಿನ ಚಳಿಗಾಲದ ಬಗ್ಗೆ ಕೊಟ್ಟರೆ ಬರಲ್ಲ ಅಷ್ಟೇ.

ಈಗ ನನಗೆ ಹೆಚ್ಚು ಕಾಡುವ ವಿಷಯ. ಅರ್ಥ ಆಗಿಲ್ಲ ಅನ್ನುವುದೇ ಎಷ್ಟೋ ಸಲ ಓದುಗರಿಗೆ ಗೊತ್ತಾಗುವುದಿಲ್ಲ. 1982ರಲ್ಲಿ ಆರ್ಥರ್ ಗ್ಲೆನ್‌ಬರ್ಗ್ ಮತ್ತು ಜೊತೆಗಾರರು ಒಂದಕ್ಕೊಂದು ವಿರುದ್ಧವಾದ ಮಾತುಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ಪಠ್ಯ ಬರೆದರು. ಓದಿದವರಲ್ಲಿ ಬಹಳ ಜನ ಅದನ್ನು ಗಮನಿಸದೆ, ಚೆನ್ನಾಗಿ ಅರ್ಥವಾಯಿತು ಅಂದರು. ಅವರಿಗದು ಪರಭಾಷೆಯೂ ಅಲ್ಲ. ಕಾವೇರಿ ಪಠ್ಯದಲ್ಲಿ ನಾನೂ ಇದನ್ನು ಮಾಡಿದೆ. 'ನದಿ ಊರಿಗಿಂತ ಎತ್ತರದಲ್ಲಿದೆ, ಆದ್ದರಿಂದ ನೀರನ್ನು ಪಂಪ್ ಮಾಡಿ ಮೇಲೆತ್ತಬೇಕು' ಅನ್ನುವ ಅರ್ಥದ ಇಂಗ್ಲಿಷ್ ಸಾಲು ತೂರಿಸಿದೆ. ಹೈಲೈಟರ್ ಹಿಡಿದವರು ಆ ಸಾಲಿಗೂ ಹಳದಿ ಬಳಿದರು. 'ಆದ್ದರಿಂದ' ಅನ್ನುವ ಪದ ಇದ್ದರೆ ಸಾಕು, ಮುಖ್ಯ ಪಾಯಿಂಟ್!

ಇದಕ್ಕೆಲ್ಲ ನಾವು ಮೇಷ್ಟ್ರುಗಳೂ ಕಾರಣ. ಪಾಠವನ್ನು ಸಾಲುಸಾಲಾಗಿ ಓದಿ, ಕನ್ನಡದಲ್ಲಿ ಹೇಳಿ, ಕೊನೆಗೆ ನೋಟ್ಸ್ ಬರೆಸುತ್ತೇವೆ. ಸನ್ನಿವೇಶ ಕಟ್ಟುವ ಕೆಲಸ ಪೂರ್ತಿ ನಮ್ಮ ತಲೆಯಲ್ಲಿ ನಡೆದುಹೋಗುತ್ತದೆ, ಮಕ್ಕಳಿಗೆ ಸಿಗುವುದು ಕಟ್ಟಿ ಮುಗಿದದ್ದು. ಈಗ ಫೋನಿನಲ್ಲಿರುವ ಎಐ ಇದೇ ಕೆಲಸವನ್ನು ನಮಗಿಂತ ಬೇಗ ಮಾಡಿಕೊಡುತ್ತದೆ, ಆ ಮಟ್ಟಿಗೆ ನಮ್ಮ ಕೆಲಸ ಹೋದ ಹಾಗೇ.

ಬೇರೆ ದಾರಿಯೊಂದನ್ನು ಜಗತ್ತು ನಮ್ಮ ಊರಿನ ಹೆಸರಿನಿಂದಲೇ ಕರೆಯುತ್ತದೆ ಅನ್ನುವುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸ್ ಮುಂತಾದ ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು, ನಮ್ಮ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಜೊತೆಗಿತ್ತು. ಭಾಷಾಬೋಧನೆಯ ಪುಸ್ತಕಗಳಲ್ಲಿ ಅದು 'ಬೆಂಗಳೂರು ಪ್ರಾಜೆಕ್ಟ್'. ಅಲ್ಲಿ ವ್ಯಾಕರಣ ಹೇಳಿಕೊಡಲಿಲ್ಲ. ರೈಲಿನ ವೇಳಾಪಟ್ಟಿ, ನಕಾಶೆ ಇಂಥದ್ದನ್ನು ಕೊಟ್ಟು ತಲೆ ಓಡಿಸುವ ಕೆಲಸ ಹೇಳಿದರು. ಇಷ್ಟು ಗಂಟೆಗೆ ಅಲ್ಲಿರಬೇಕಾದರೆ ಯಾವ ರೈಲು ಹಿಡಿಯಬೇಕು? ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಅಂಥ ಒಂದು ಸಮಸ್ಯೆ ಬಿಡಿಸುವುದು, ಆಮೇಲೆ ಅದೇ ಥರದ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಗಮನವೆಲ್ಲ ಅರ್ಥದ ಮೇಲಿದ್ದರೆ ಭಾಷೆ ಹಿಂದೆಯೇ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನ ಆ ನಂಬಿಕೆಯನ್ನು ಎಚ್ಚರಿಕೆಯಿಂದಲೇ ಬೆಂಬಲಿಸಿತು. ಇಂದು ಹಲವು ದೇಶಗಳಲ್ಲಿರುವ 'ಟಾಸ್ಕ್' ಆಧಾರಿತ ಬೋಧನೆಯ ಚರ್ಚೆ ಬೆಂಗಳೂರನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನ ಕಾಲೇಜುಗಳು ಮಾತ್ರ ಇನ್ನೂ ಸಮ್ಮರಿ ಬರೆಸುತ್ತಿವೆ.

ಡಿಗ್ರಿ ಮಕ್ಕಳಿಗೆ ಹೊಂದುವ ಇನ್ನೊಂದು ಪದ್ಧತಿ 1984ರಲ್ಲಿ ಆ್ಯನ್‌ಮೇರಿ ಪಾಲಿಂಕ್ಸಾರ್ ಮತ್ತು ಆ್ಯನ್ ಬ್ರೌನ್ ತೋರಿಸಿದ್ದು. ಅವರು ಆರಿಸಿದ್ದೂ ಪದ ಓದಬಲ್ಲ, ಅರ್ಥ ದಕ್ಕದ ಮಕ್ಕಳನ್ನೇ. ಒಂದು ಪ್ಯಾರಾ ಓದುವುದು, ಸಾರ ಹೇಳುವುದು, ಒಂದು ಪ್ರಶ್ನೆ ಕಟ್ಟುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದು ಅಂತ ಊಹಿಸುವುದು. ಮೇಷ್ಟ್ರ ಜಾಗದಲ್ಲಿ ಸರದಿಯಂತೆ ಮಕ್ಕಳೇ ಕೂರುತ್ತಾರೆ. ಅರವತ್ತು ಜನರ ಕ್ಲಾಸಿನಲ್ಲೂ ನಾಲ್ಕು ನಾಲ್ಕು ಜನರ ಗುಂಪು ಮಾಡಿದರೆ ನಡೆಯುತ್ತದೆ. ಗಲಾಟೆ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ.

ಈ ಗುಂಪುಗಳಲ್ಲಿ ಕನ್ನಡ ಬೇಡ ಅನ್ನುವ ಸಹೋದ್ಯೋಗಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಚೆನ್ನಾಗಿ ಬರುವ ಭಾಷೆಯಲ್ಲಿ ಹೇಳಲು ಬಿಟ್ಟರೆ, ನಿಜವಾಗಿ ಎಷ್ಟು ಅರ್ಥವಾಗಿದೆ ಅನ್ನುವುದು ಹೊರಗೆ ಬರುತ್ತದೆ. ನಮ್ಮ ಕ್ಲಾಸಿನಲ್ಲಿ ಮನೆಮಾತು ತೆಲುಗು, ತಮಿಳು, ಉರ್ದು ಆದವರೂ ಇದ್ದಾರೆ, ಗುಂಪಿನಲ್ಲಿ ಹರಟೆಗೆ ಎಲ್ಲರಿಗೂ ಕನ್ನಡವೇ. ಮೇಷ್ಟ್ರು ಕನ್ನಡದಲ್ಲಿ ಹೇಳಿಬಿಡುವುದು ಬೇರೆ, ಮಕ್ಕಳು ಕನ್ನಡದಲ್ಲಿ ಜಗಳ ಮಾಡಿ ಅರ್ಥಕ್ಕೆ ಬರುವುದು ಬೇರೆ. ಹಾಗಂತ ಕನ್ನಡದಲ್ಲಿ ಜಾಣ ಓದುಗನಾದ ತಕ್ಷಣ ಇಂಗ್ಲಿಷೂ ಅರ್ಥವಾಗಿಬಿಡುತ್ತದೆ ಅಂತಲ್ಲ. ಹೊಸ ಭಾಷೆ ಒಂದು ಮಟ್ಟ ಮುಟ್ಟುವವರೆಗೆ ಹಳೆಯ ಓದಿನ ಜಾಣತನ ಅಲ್ಲಿ ಕೆಲಸಕ್ಕೆ ಬರುವುದು ಕಡಿಮೆ ಎಂದು ಚಾರ್ಲ್ಸ್ ಆಲ್ಡರ್ಸನ್ 1984ರಲ್ಲೇ ಬರೆದಿದ್ದಾರೆ.

ಆ ಮಟ್ಟ ಮುಟ್ಟಿಸಲು ಓದು ಜಾಸ್ತಿ ಆಗಬೇಕು, ಸಿಲಬಸ್ ಅದಕ್ಕೆ ಅಡ್ಡ. ಒಂದು ವಾರ ಕತೆ, ಇನ್ನೊಂದು ವಾರ ಭಾಷಣ, ಮತ್ತೊಂದು ವಾರ ಪರಿಸರದ ಪ್ರಬಂಧ. ಪ್ರತಿ ಸಲವೂ ಹೊಸ ಪದ, ಹೊಸ ಲೋಕ. 1981ರಲ್ಲಿ ಸ್ಟೀಫನ್ ಕ್ರಾಶನ್ ಇದಕ್ಕೆ ತದ್ವಿರುದ್ಧವಾದ ಸಲಹೆ ಕೊಟ್ಟರು. ಕಲಿಯುವವರು ಕೆಲಕಾಲ ಒಂದೇ ವಿಷಯದ ಬಗ್ಗೆ, ಅಥವಾ ಒಬ್ಬರೇ ಲೇಖಕರದ್ದನ್ನು ಓದಲಿ ಅಂದರು. ಇಂಟರ್ನಲ್ಸ್ ಮಾರ್ಕ್ಸಿಗೆ ಅಂತ ಇದನ್ನು ಮಾಡಿಸಬಹುದು. ಒಂದು ಗುಂಪು ನಮ್ಮ ಮೆಟ್ರೋ ಸುದ್ದಿಗಳನ್ನೇ ಓದಲಿ, ಇನ್ನೊಂದು ಜಿಎಸ್‌ಟಿ ಹಿಡಿಯಲಿ. ಕಾರಿಡಾರ್, ಎಲಿವೇಟೆಡ್, ರೈಡರ್‌ಶಿಪ್, ಫೇರ್ ರಿವಿಷನ್ ಎಲ್ಲ ಮೊದಲ ವಾರ ಡಿಕ್ಷನರಿಯಲ್ಲಿ ಹುಡುಕುತ್ತಾರೆ, ಮೂರನೇ ವಾರಕ್ಕೆ ಅದೇ ಪದಗಳು ಮತ್ತೆ ಮತ್ತೆ ಎದುರಾಗಿ ಪರಿಚಯವಾಗಿರುತ್ತವೆ. ಆಗ ಅವರೇ ಪತ್ರಿಕೆ ಹಿಡಿದು ಬಂದು 'ಸರ್, ಟಿಕೆಟ್ ದರ ಯಾಕೆ ಏರಿಸಿದ್ರು ಅಂತ ಇವ್ರು ಬರೆದಿರೋ ಲೆಕ್ಕ ಸರಿಯಿಲ್ಲ' ಅಂತ ವಾದಕ್ಕೆ ಕೂರುತ್ತಾರೆ.