ಹೊಸ ಮಂಡಿ ಸಡಿಲವಾಗುವುದೇಕೆ, ಅರಿಶಿನ ಅಲ್ಲಿಗೆ ತಲುಪೀತೆ?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮಂಡಿ ತೆಗೆದು ಕೃತಕ ಕೀಲು ಕೂರಿಸುವ ಆಪರೇಷನ್ ಆದವರನ್ನು ನೋಡಲು ಹೋದವರೆಲ್ಲ ಒಂದೊಂದು ಸಲಹೆ ಕೊಟ್ಟೇ ಎದ್ದು ಬರುತ್ತಾರೆ. ರಾತ್ರಿ ಹಾಲಿಗೆ ಅರಿಶಿನ ಹಾಕ್ಕೊಂಡು ಕುಡೀರಿ, ಕಪ್ಪು ದ್ರಾಕ್ಷಿ ತಿನ್ನಿ, ಒಳಗೆ ಕೂರಿಸಿರೋ ಕೀಲು ಅಲ್ಲಾಡಲ್ಲ. ಈಗೀಗ ಇದಕ್ಕೆ ‘ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ’ ಎಂಬ ವಾಟ್ಸ್ಆ್ಯಪ್ ಬಾಲವೂ ಅಂಟಿಕೊಂಡಿದೆ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕಬಹುದಿತ್ತು. ಇದು ಅರ್ಧ ನಿಜ, ಅದೇ ತೊಂದರೆ.



ಕೃತಕ ಕೀಲಿನಲ್ಲಿ ಲೋಹ ಉಜ್ಜುವುದು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ. ನಡೆದಷ್ಟೂ ಅದು ಸವೆದು ದೂಳಾಗುತ್ತದೆ. ಹೆಚ್ಚಿನ ಕಣಗಳು ಒಂದು ಮೈಕ್ರಾನಿಗಿಂತ ಚಿಕ್ಕವು. ನಮ್ಮ ದೇಹದ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಇವನ್ನು ರೋಗಾಣು ಸಿಕ್ಕಿದಂತೆಯೇ ನುಂಗುತ್ತವೆ. ಆದರೆ ಪ್ಲಾಸ್ಟಿಕ್ ಅರಗಿಸುವ ಕಿಣ್ವ ಅವುಗಳಲ್ಲಿಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪದ ಪಾಡು. ಆಗ ಅವು ಟಿಎನ್ಎಫ್, ಇಂಟರ್‌ಲ್ಯೂಕಿನ್ ಮುಂತಾದ ಉರಿಯೂತದ ಸಂದೇಶಗಳನ್ನು ಎಡೆಬಿಡದೆ ಹೊರಬಿಡುತ್ತವೆ. ಅದರಿಂದ ಮೂಳೆ ಕಟ್ಟುವ ಕೋಶಗಳೂ ಸುತ್ತಲಿನ ಇತರ ಕೋಶಗಳೂ ರ‍್ಯಾಂಕ್-ಎಲ್ ಎಂಬ ಪ್ರೊಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ಅಂಟಿಕೊಂಡ ಎಳೆಯ ಕೋಶಗಳು ಒಂದಕ್ಕೊಂದು ಬೆಸೆದು ಆಸ್ಟಿಯೋಕ್ಲಾಸ್ಟ್‌ಗಳಾಗುತ್ತವೆ. ಅವು ಮೂಳೆಗೆ ಕಚ್ಚಿ ಕೂತು, ಆಮ್ಲ ಸುರಿದು ಸುಣ್ಣದಂಶವನ್ನು ಕರಗಿಸುತ್ತವೆ. ಸೋಂಕಿಲ್ಲ, ಕೀವಿಲ್ಲ, ಎಷ್ಟೋ ವರ್ಷ ನೋವೂ ಇಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಕೀಲಿನ ಪಕ್ಕ ಕಪ್ಪು ಮಚ್ಚೆ, ಅಂದರೆ ಮೂಳೆ ಕರಗಿದ ಜಾಗ. ಹೀಗೆ ಹಿಡಿತ ತಪ್ಪಿದ ಕೀಲು ಸಡಿಲವಾಗುತ್ತದೆ.

ದೂಳಿನ ಈ ಪಿತೂರಿಯನ್ನು ತನ್ನ ಮೈಮೇಲೇ ಪರೀಕ್ಷಿಸಿದವರು ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ. 1950ರ ದಶಕದ ಕೊನೆಯಲ್ಲಿ ಅವರು ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಹಾಕುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವು ಸವೆದು ಸುತ್ತ ಗಂಟುಗಟ್ಟಿದವು. ಚಾರ್ನ್‌ಲಿ ಟೆಫ್ಲಾನ್ ಪುಡಿಯನ್ನೂ ಪಾಲಿಎಥಿಲೀನ್ ಪುಡಿಯನ್ನೂ ತಮ್ಮ ತೊಡೆಯೊಳಗೆ ಇರಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನ್ ಇದ್ದಲ್ಲಿ ಕೈಗೆ ಸಿಗುವಂಥ ಗಂಟು! 1962ರಿಂದ ಅವರು ಪಾಲಿಎಥಿಲೀನ್ ಬಳಸಿದರು. ಅದೂ ನಿಧಾನವಾಗಿ ಸವೆಯುತ್ತದೆ. 1980ರ ದಶಕದಲ್ಲಿ ವೈದ್ಯರು ಮೂಳೆ ಕರಗುವುದಕ್ಕೆ, ಕೀಲನ್ನು ಮೂಳೆಗೆ ಹಿಡಿಸುವ ಸಿಮೆಂಟನ್ನು ದೂರಿ ‘ಸಿಮೆಂಟ್ ರೋಗ’ ಎಂದೂ ಕರೆದರು. ಸಿಮೆಂಟೇ ಇಲ್ಲದ ಕೀಲುಗಳಲ್ಲೂ ಮೂಳೆ ಕರಗಿದಾಗ ಆ ಹೆಸರು ಬಿದ್ದುಹೋಯಿತು.

ಈಗ ಅರ್ಧ ನಿಜಕ್ಕೆ ಬರೋಣ. ಇಲಿಯ ತಲೆಬುರುಡೆಯ ಮೇಲೆ, ಕೀಲಿನ ದೂಳಿಗೆ ಬದಲಾಗಿ, ಟೈಟಾನಿಯಂ ಲೋಹದ ಪುಡಿ ಹರಡಿದರೆ ಎರಡು ವಾರದೊಳಗೆ ಮೂಳೆಯಲ್ಲಿ ಗುಳಿಗಳು ಬೀಳುತ್ತವೆ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಹಸಿರು ಚಹಾದ ಇಜಿಸಿಜಿ ಮೊದಲಾದವು ಕೋಶದೊಳಗೆ ಉರಿಯೂತದ ಸಂದೇಶ ಸಾಗುವ ಎನ್ಎಫ್-ಕಪ್ಪಾಬಿ ದಾರಿಯನ್ನು ಅಡ್ಡಗಟ್ಟುತ್ತವೆ. ಇಂಥ ಸಂಯುಕ್ತ ಕೊಟ್ಟ ಇಲಿಗಳಲ್ಲಿ ಗುಳಿ ಕಡಿಮೆ. ನನಗಂತೂ ಇದು ರೋಮಾಂಚನ.

ಆದರೆ ಇಲಿ ತಲೆಬುರುಡೆಯ ಮೇಲೆ ನಡೆಯುವುದಿಲ್ಲ, ಮಂಡಿಯ ಹಾಗೆ ಬುರುಡೆ ಮೈಭಾರ ಹೊರುವುದೂ ಇಲ್ಲ. ಜೊತೆಗೆ ಲೆಕ್ಕ ನೋಡಿ. ತಾಜಾ ದ್ರಾಕ್ಷಿ ಸಿಪ್ಪೆಯ ಪ್ರತಿ ಗ್ರಾಂನಲ್ಲಿ ರೆಸ್ವೆರಟ್ರಾಲ್ ಹೆಚ್ಚೆಂದರೆ 100 ಮೈಕ್ರೋಗ್ರಾಂ. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಬಳಸುವ 500 ಮಿಲಿಗ್ರಾಂ ಬೇಕೆಂದರೆ 5 ಕಿಲೋ ಸಿಪ್ಪೆ, ಬರೀ ಸಿಪ್ಪೆ! ಚಿಕ್ಕಬಳ್ಳಾಪುರದ ತೋಟದವರಿಗೆ ಖುಷಿಯಾದೀತು, ಹೊಟ್ಟೆಗಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟು, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಸೇರ್ಪಡೆ 20 ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತೋರಿಸಿದರು. ಸೊನ್ನೆಗೆ ಹತ್ತಿರದ್ದನ್ನು ಇಪ್ಪತ್ತರಿಂದ ಗುಣಿಸಿದರೂ ದೊಡ್ಡದೇನೂ ಬರುವುದಿಲ್ಲ. ಸಾರಿಗೆ ಹಾಕುವ ಅರಿಶಿನಕ್ಕೆ ತಕರಾರಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುವ ಮೊದಲು ಡಾಕ್ಟರಿಗೆ ಹೇಳಲೇಬೇಕು.

ಹಾಗಾಗಿಯೇ ಸಂಶೋಧಕರು ಹೊಟ್ಟೆಯ ದಾರಿ ಬಿಟ್ಟು, ಸಂಯುಕ್ತವನ್ನು ಕೀಲಿನ ಲೋಹಕ್ಕೇ ಲೇಪಿಸಿ ಬೇಕಾದಲ್ಲೇ ಒಸರುವಂತೆ ಮಾಡಲು ಹೊರಟಿದ್ದಾರೆ. ಅಲ್ಲೂ ಎರಡು ತೊಡಕು. ಹೊಸ ಲೋಹಕ್ಕೆ ಮೂಳೆ ಹೊಂದಿಕೊಳ್ಳಲು ಮೊದಲ ತಿಂಗಳುಗಳಲ್ಲಿ ಅದೇ ಆಸ್ಟಿಯೋಕ್ಲಾಸ್ಟ್‌ಗಳು ಬೇಕು, ಅವನ್ನು ಆಗಲೇ ಪೂರ್ತಿ ಕಟ್ಟಿಹಾಕುವಂತಿಲ್ಲ. ಇನ್ನೊಂದು, ಇಂಥ ಲೇಪ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಬರಿದಾಗುತ್ತದೆ. ದೂಳು ಕಾಟ ಕೊಡಲು ಶುರುಮಾಡುವುದು ಎಷ್ಟೋ ವರ್ಷಗಳ ನಂತರ.